ಸಾಕು ಅಂದರೆ

ದರ್ಜಿಗೆ ಲಕ್ವ ಹೊಡೆದ ಮೇಲೆ ಬಾಯಲ್ಲಿ ಉಳಿದದ್ದು ನಾಲ್ಕಾರು ತುಂಡು ಮಾತು. ಅಂಗಡಿ ಹೆಂಡತಿಯ ಕೈಗೆ ಬಂತು, ಜೊತೆಗೆ ಅವನ ಬೇಟೆನಾಯಿಯೂ. ಉದ್ದ ಕಾಲಿನ, ಕಂದು ಬಣ್ಣದ, ಒಂದು ಕಡೆ ಕೂತು ಗೊತ್ತಿಲ್ಲದ ಪ್ರಾಣಿ. ಮೊದಲೆಲ್ಲ ದಿನಾ ಬೆಳಿಗ್ಗೆ ಅವನ ಶಿಳ್ಳೆ ಕೇಳಿದ್ದೇ ಸೈಕಲ್ ಪಕ್ಕ ಊರಾಚೆವರೆಗೂ ಓಡಿಬರುತ್ತಿತ್ತು. ಈಗ ಅಷ್ಟೂ ಓಟ ಒಂದೂವರೆ ಕೋಣೆಯೊಳಗೆ. ಹೊಲಿಗೆ ಮೆಷಿನ್ ಮೇಲಿಂದ ಹಾರುವುದು, ನೂಲುಂಡೆ ಕಚ್ಚಿಕೊಂಡು ಓಡುವುದು, ಬೈದರೆ ಎರಡು ಮುಂಗಾಲನ್ನೂ ಅವಳ ಹೆಗಲಿಗೇರಿಸಿ ಮುಖವೆಲ್ಲ ನೆಕ್ಕುವುದು.

"ಮುಂಡೇದೇ, ಪ್ರೀತಿ ಮಾಡೋಕೂ ಒಂದು ಮಿತಿ ಬೇಡ್ವಾ!"

ಗಿರಾಕಿಯ ಹೊಸ ಕೋಟಿನ ತೋಳು ಅದರ ಹಲ್ಲಿಗೆ ಸಿಕ್ಕಿ ಚಿಂದಿಯಾದ ದಿನ ಅವಳು ಗಂಡನ ಎದುರು ಕುಸಿದು ಕೂತಳು. "ನಿಮ್ಮನ್ನ ನೋಡ್ಲಾ, ಹೊಟ್ಟೆಪಾಡು ನೋಡ್ಲಾ? ಈ ನಾಯಿನ ಏನು ಮಾಡ್ಲಿ, ನೀವೇ ಹೇಳ್ರೀ."

ಅವನು ಬಹಳ ಹೊತ್ತು ಹೆಣಗಾಡಿ, "ಸಾಕು" ಅಂದ.

ಅವಳಿಗೂ ಸಾಕುಸಾಕಾಗಿತ್ತು. ಯಜಮಾನನೇ ಒಪ್ಪಿದನಲ್ಲ ಎಂದು ಎದೆ ಹಗುರಾಯಿತು. ಅವನು ಮಲಗಿದ ಮೇಲೆ, ಸರಕಿನ ಆಟೋ ಓಡಿಸುವ ತಮ್ಮನನ್ನು ಕರೆಸಿದಳು. ಇಟ್ಟಿಗೆ ಗೂಡಿನ ಕಾವಲುಗಾರನಿಗೊಂದು ನಾಯಿ ಬೇಕಿತ್ತಂತೆ.

"ಬಾರೋ ಅಳಿಯ, ಕೆಲಸ ಕೊಡಿಸ್ತೀನಿ" ಅಂದ ತಮ್ಮ. ಅದು ಬಾಲ ಆಡಿಸುತ್ತಲೇ ಹತ್ತಿತು.

ಎದ್ದ ಗಂಡ ಕಣ್ಣಲ್ಲೇ ಮೂಲೆಮೂಲೆ ಹುಡುಕಿದ. ತುತ್ತು ಬಾಯಿಗಿಟ್ಟರೆ ಉಗಿದ. "ಸಾಕು! ಸಾಕು!"

"ಒಂದು ತುತ್ತೂ ಇಳೀಲಿಲ್ಲ, ಸಾಕಂತೆ!" ಎಂದು ಅವಳು ತಟ್ಟೆ ಸರಿಸಿದಳು. ಅವನು ಸ್ವಾಧೀನವಿದ್ದ ಕೈಯಿಂದ ಅವಳ ಮಣಿಕಟ್ಟು ಹಿಡಿದ. ನಾಯಿ ಮಲಗುತ್ತಿದ್ದ ಗೋಣಿತಟ್ಟಿನ ಕಡೆ ಗದ್ದ ಎತ್ತಿದ. ಕಣ್ಣಲ್ಲಿ ನೀರು.

"ಅ... ಅದನ್ನ... ಸಾಕು."

ಆ 'ಅದನ್ನ' ಕಿವಿಗೆ ಬಿದ್ದದ್ದೇ ಅವಳಿಗೆ ಹೊಳೆಯಿತು. ಬೇಡ ಅಂದಿರಲೇ ಇಲ್ಲ ಇವನು. ಸಾಕಿಕೋ ಅಂದಿದ್ದ.

ತಮ್ಮನಿಗೆ ಫೋನ್ ಮಾಡಿದರೆ, "ಅಕ್ಕಾ, ಬೈಬೇಡ್ವೇ. ಹಗ್ಗ ಕಡ್ಕೊಂಡು ಓಡಿಹೋಯ್ತಂತೆ" ಅಂದ.

"ಆಟೋ ತಗೊಂಡು ಬಾ. ನಿಮ್ಮ ಭಾವನೂ ಬರ್ತಾರೆ."

ಗೂಡಿನ ಹತ್ತಿರ ಅವಳು ಗಂಟಲು ಕಟ್ಟುವವರೆಗೂ ಕೂಗಿದಳು. ದಿನಾ ಬೈದ ದನಿಗೆ ಅದು ಯಾಕಾದರೂ ಬಂದೀತು? ಹೊತ್ತು ಮುಳುಗುತ್ತಿತ್ತು. ಆಟೋದೊಳಗೆ ಒರಗಿದ್ದ ಗಂಡ ತುಟಿ ಚೂಪು ಮಾಡುತ್ತಿದ್ದ. ಶಿಳ್ಳೆ ಹಾಕುವುದಕ್ಕೆ. ಒಂದು ಕಡೆಯ ತುಟಿ ಜೋತುಬಿದ್ದಿತ್ತು. ಬರೀ ಗಾಳಿ, ಜೊಲ್ಲು. ತಮ್ಮ ಮುಖ ತಿರುಗಿಸಿಕೊಂಡ.

ಅವಳು ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಹೊಲಿಯುವ ಮುಂಚೆ ಬಟ್ಟೆಯ ಎರಡು ಅಂಚು ಕೂಡಿಸಿ ಹಿಡಿಯುವ ಹಾಗೆ, ಜೋತ ತುಟಿಗಳನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು.

"ಈಗ ಊದಿ."

ನೂಲಿನಂಥ ಒಂದು ಸದ್ದು ಹೊರಟಿತು. ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ಇಟ್ಟಿಗೆಯ ಸಾಲುಗಳಾಚೆ ಏನೂ ಅಲುಗಲಿಲ್ಲ.

"ಜೋರಾಗಿಯೇ ಬಂತು ಕಣ್ರೀ" ಎಂದು ಸುಳ್ಳು ಹೇಳಿದಳು, ಬೆರಳು ತೆಗೆಯದೆ. "ಎಲ್ಲಿ, ಇನ್ನೊಂದ್ಸಲ."