ಕಾಗದದ ಮೇಲೆ ಕಿತ್ತ ಗಂಡು

ನನ್ನ ಬಾಯಿಯೇ ನನಗೆ ಶತ್ರು. ಬಕೈ ದಿಬ್ಬದ ರಸ್ತೆ ಸಂಘದ ಊಟದಲ್ಲಿ ಎರಡನೇ ಸಲ ಬೀನ್ಸ್ ಹಾಕಿಸಿಕೊಳ್ಳುತ್ತ, ಸಂತೋಷ ತಡೆಯಲಾರದೆ, ಈ ವರ್ಷ ನನ್ನ ಐದು ಗಿಡಗಳಲ್ಲಿ ಒಂದು ಗಂಡು ಬಂದಿದೆ ಎಂದುಬಿಟ್ಟೆ. ಮೇಜಿನ ಸುತ್ತ ಚಮಚಗಳೆಲ್ಲ ನಿಂತವು. ಹಿತ್ತಲಲ್ಲಿ ಚಿರತೆ ಸಾಕಿದ್ದೇನೆ ಎಂದಿದ್ದರೂ ಆ ಹತ್ತು ಮನೆಯವರು ಹಾಗೆ ನೋಡುತ್ತಿರಲಿಲ್ಲ.

ಗಾಂಜಾ ಬೆಳೆಯುವವರ ನಡುವೆ ಗಂಡು ಗಿಡಕ್ಕೆ ಇರುವ ಮರ್ಯಾದೆ ಅಷ್ಟೇ. ಬೆಲೆ ಇರುವುದು ಹೆಣ್ಣಿನ ಹೂವಿಗೆ, ಅದೂ ಬೀಜ ಕಟ್ಟದ ಹೂವಿಗೆ. ಗಂಡಿನ ಪರಾಗ ಗಾಳಿಯಲ್ಲಿ ಹಾರಿ ಬಂತೋ, ಹೂವಿನ ತುಂಬ ಬೀಜ. ಕೊಳ್ಳುವವರು ಬೆರಳಲ್ಲಿ ಹಿಸುಕಿ ನೋಡಿ, ಕಾರು ಹತ್ತಿ ಹೋಗುತ್ತಾರೆ. ಗಾಂಜಾಕ್ಕೇ ಹೆಸರಾದ ನಮ್ಮ ಹಂಬೋಲ್ಟ್ ಬೆಟ್ಟಗಳಲ್ಲಿ ಮಧ್ಯಾಹ್ನವಾದರೆ ಕೆಳಗಿನ ಕಣಿವೆಯಿಂದ ಗಾಳಿ ಮೇಲಕ್ಕೆ ಬೀಸುತ್ತದೆ, ಅದು ಯಾರ ಬೇಲಿಯನ್ನೂ ಕೇಳುವುದಿಲ್ಲ.

ಹಾಗೆಂದು ಮೊದಲೇನೂ ನಾವು ಗಂಡು ಕಂಡರೆ ಬೆಚ್ಚುತ್ತಿರಲಿಲ್ಲ. ಎಲ್ಲರೂ ಸಾದಾ ಬೀಜ ಹಾಕುತ್ತಿದ್ದ ಕಾಲದಲ್ಲಿ ಹುಟ್ಟಿದ್ದರಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ಜುಲೈ ತಿಂಗಳ ಕೊನೆಯ ಭಾನುವಾರ ದಿಬ್ಬದ ಅಷ್ಟೂ ಜನ ಒಟ್ಟಾಗಿ ಒಬ್ಬೊಬ್ಬರ ತೋಟಕ್ಕೂ ಹೋಗುತ್ತಿದ್ದೆವು. ಅದಕ್ಕೆ ‘ನಡಿಗೆ’ ಎಂದೇ ಹೆಸರು. ಎಲೆಯ ಬುಡದಲ್ಲಿ ಎರಡು ಬಿಳಿ ಕೂದಲು ಇಣುಕಿದರೆ ಹೆಣ್ಣು, ಕೂದಲಿಲ್ಲದ ಪುಟ್ಟ ಗೋಲಿ ಕೂತಿದ್ದರೆ ಗಂಡು. ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಕಾಣುತ್ತಿತ್ತು. ಕಿತ್ತ ಗಂಡುಗಳನ್ನು ರಾಶಿ ಹಾಕಿ, ಬೇಕಾದದ್ದೊಂದನ್ನು ಬೀಜಕ್ಕೆಂದು ದೂರದಲ್ಲಿ ನೆಟ್ಟು, ಕೊನೆಗೆ ಎಲ್ಲರೂ ಕೂತು ಉಣ್ಣುತ್ತಿದ್ದೆವು.

ಆಮೇಲೆ ಹೆಣ್ಣುಬೀಜ ಬಂತು. ಹೆಣ್ಣು ಗಿಡಕ್ಕೆ ಬೆಳ್ಳಿಯ ಲವಣ ಕರಗಿಸಿದ ನೀರು ಚಿಮುಕಿಸಿ, ಅದರ ಮೈಯಲ್ಲೇ ಪರಾಗ ಹುಟ್ಟುವಂತೆ ಮಾಡಿ, ಇನ್ನೊಂದು ಹೆಣ್ಣಿಗೆ ಸೋಕಿಸಿದರೆ ಆಗುವ ಬೀಜವೆಲ್ಲ ಹೆಣ್ಣೇ. ಪೊಟ್ಟಣ ಹರಿ, ಬಿತ್ತು, ನಿದ್ದೆ ಮಾಡು. ಎಂಟೊಂಬತ್ತು ವರ್ಷಗಳಲ್ಲಿ ದಿಬ್ಬದವರೆಲ್ಲ ಅದಕ್ಕೇ ತಿರುಗಿದರು. ಹುಡುಕಲು ಗಂಡೇ ಇಲ್ಲದ ಮೇಲೆ ನಡಿಗೆ ನಿಂತಿತು, ಊಟ ಮಾತ್ರ ಉಳಿಯಿತು. ಊಟ ಎಲ್ಲ ಕಡೆಯೂ ಉಳಿಯುತ್ತದೆ.

ನಾನು ತಿರುಗಲಿಲ್ಲ. ನನ್ನ ಹತ್ತಿರ ಇರುವುದು ಪ್ಲಮ್ ತಳಿ, ಎಂಬತ್ತೊಂದನೇ ಇಸವಿಯಿಂದ ನಾನೇ ಆರಿಸಿ ಆರಿಸಿ ಉಳಿಸಿಕೊಂಡು ಬಂದದ್ದು. ಮಾಗಿದ ಪ್ಲಮ್ ಹಣ್ಣು ಮತ್ತು ಒದ್ದೆ ಮೇಕೆ, ಎರಡರ ವಾಸನೆಯೂ ಒಟ್ಟಿಗೆ ಬರುತ್ತದೆ. ಮೇಕೆಯನ್ನು ಬಿಡಿಸಲು ಮೂವತ್ತು ವರ್ಷ ಒದ್ದಾಡಿದೆ, ಆಗಲಿಲ್ಲ. ಮೊಣಕಾಲಿನ ಆಪರೇಷನ್ನು, ಕಾಡ್ಗಿಚ್ಚು, ಸೋಮಾರಿತನ ಎಂದು ಹನ್ನೊಂದು ವರ್ಷ ಆ ಬೀಜವನ್ನು ಬಿತ್ತದೆ ಡಬ್ಬಿಯಲ್ಲೇ ಬಿಟ್ಟಿದ್ದೆ. ಈ ವಸಂತದಲ್ಲಿ ಉಳಿದಿದ್ದ ಮೂವತ್ತನ್ನೂ ನೆನೆಸಿದೆ. ಮೊಳೆತದ್ದು ಐದು. ನಾಲ್ಕು ಹೆಣ್ಣು, ಒಂದು ಗಂಡು. ಆ ಒಂದು ಗಂಡು ಹೋದರೆ ನನ್ನ ತಳಿ ಅಲ್ಲಿಗೆ ಮುಗಿಯಿತು.

ಬೆಳ್ಳಿನೀರು ಹಾಕಿ ಹೆಣ್ಣುಬೀಜ ಮಾಡಿಕೋ ಎಂದು ಬುದ್ಧಿ ಹೇಳುವವರಿಗೇನು ಬರವಿಲ್ಲ. ಮಾಡಬಹುದು. ಆದರೆ ಆ ಮೇಕೆಯ ವಾಸನೆಯ ಜೊತೆಗೆ ಬರುವ ಗಟ್ಟಿತನ ಗಂಡಿನ ಕಡೆಯಿಂದ ಬಂದದ್ದು. ಊರಿನಲ್ಲಿ ಬರೀ ಹೆಣ್ಣುಮಕ್ಕಳೇ ಹುಟ್ಟುತ್ತಿದ್ದರೆ ಚೆಂದವೇ, ಆದರೆ ಒಂದು ದಿನ ಯಾರಾದರೂ ವರ ಹುಡುಕಿಕೊಂಡು ಹೊರಡಲೇಬೇಕಲ್ಲ.

ಊಟದ ಮೇಜಿನಲ್ಲಿ ಮೊದಲು ಎದ್ದು ನಿಂತವನು ವೆಂಡೆಲ್, ನಮ್ಮ ರಸ್ತೆ ಸಂಘದ ಅಧ್ಯಕ್ಷ. ಹೋದ ವರ್ಷ ದಿಬ್ಬದ ಅರ್ಧ ಬೆಳೆ ಬೀಜ ಕಟ್ಟಿ ಹಾಳಾಗಿತ್ತು, ಎಲ್ಲರಿಗಿಂತ ಹೆಚ್ಚು ಅವನದೇ. ಅದು ನನ್ನ ತೋಟದಿಂದ ಹಾರಿಬಂದ ಪರಾಗ ಎಂದು ಅವನು ಆಗಲೇ ತೀರ್ಪು ಕೊಟ್ಟಾಗಿತ್ತು. ಹೋದ ವರ್ಷ ನಾನು ಹಾಕಿದ್ದು ಟೊಮೇಟೊ ಮಾತ್ರ. ಹೇಳಿದೆ, ಯಾರೂ ನಂಬಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಈಗ ನಾನೇ ಬಾಯಿಬಿಟ್ಟದ್ದರಿಂದ ಅವನಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ದಿಬ್ಬದ ಮೇಲೆ ಇನ್ನು ಮುಂದೆ ಗಂಡು ಗಿಡ ಇರಕೂಡದು, ಮುಂದಿನ ಭಾನುವಾರ ಅಧ್ಯಕ್ಷರೇ ಹೋಗಿ ವರ್ನಾಳ, ಅಂದರೆ ನನ್ನ, ಗಂಡು ಗಿಡವನ್ನು ಕೀಳತಕ್ಕದ್ದು ಎಂದು ನಿಯಮವಾಯಿತು. ಕೈಗಳು ಎದ್ದವು. ಹತ್ತು ಕೈ ಅತ್ತ, ಒಂದು ಕೈ ಇತ್ತ, ಇತ್ತಲಿನದು ನನ್ನದು.

ಗೋಲಿಗಳು ಆಗಿನ್ನೂ ಗುಂಡುಸೂಜಿಯ ತಲೆಯಷ್ಟಿದ್ದವು. ಬಿರಿಯಲು ಇನ್ನೂ ಮೂರು ವಾರ ಬೇಕಿತ್ತು. ಬಿರಿಯುವ ಮೊದಲೇ ಕಾಗದದ ಚೀಲ ಕಟ್ಟಿ, ಒಂದು ಚಿಟಿಕೆ ಪರಾಗ ಹಿಡಿದು, ಗಿಡಕ್ಕೆ ನೀರು ಸುರಿದು ಕಡಿದರೆ ಯಾರಿಗೂ ತೊಂದರೆಯಿಲ್ಲ. ಒದ್ದೆಯಾದ ಪರಾಗ ಸತ್ತಂತೆ. ಇದನ್ನು ಹೇಳಿದ್ದಕ್ಕೆ ವೆಂಡೆಲ್, ಚೀಲ ಕಟ್ಟಿದ ಮಾತ್ರಕ್ಕೆ ಚೇಳು ಸಾಧುವಾಗುತ್ತದೆಯೇ ಎಂದ.

ಬುಧವಾರ ಅವನ ಹೆಂಡತಿ ಓಡೆಟ್ ಮೊಟ್ಟೆ ಕೊಡಲು ಬಂದಳು. ಕಣ್ಣು ಕೆಂಪಾಗಿತ್ತು. ಕೇಳಿದರೆ, ವರ್ಷದಿಂದ ನಿದ್ದೆಯಿಲ್ಲ ಎಂದಳು. ಹೋದ ಬೇಸಿಗೆಯಲ್ಲಿ ಕರಡಿಯೊಂದು ಅವರ ಹೊರಗಿನ ಫ್ರೀಜರ್ ಮುರಿದಾಗಿನಿಂದ ವೆಂಡೆಲ್ ಅಂಗಳದ ಕಂಬಕ್ಕೆ ದೊಡ್ಡ ದೀಪ ಕಟ್ಟಿದ್ದಾನೆ. ಏನು ಅಲುಗಾಡಿದರೂ ಹತ್ತಿಕೊಳ್ಳುತ್ತದೆ. ಕರಡಿ ಮತ್ತೆ ಬಂದಿಲ್ಲ, ಆದರೆ ಅಳಿಲು, ರಕೂನು, ಬೆಕ್ಕು ಎಂದು ರಾತ್ರಿಗೆ ನಲವತ್ತು ಸಲ ಹಗಲಾಗುತ್ತದೆ.

“ನಿಮ್ಮ ಕಪ್ಪು ಟಾರ್ಪಾಲಿನ ಗಿಡದ ಮನೆ ಆ ಕಂಬದ ಪಕ್ಕದಲ್ಲೇ ಅಲ್ವೇನೇ ಇರೋದು?” ಎಂದೆ.

“ಪಕ್ಕ ಏನ್ ಬಂತು, ಮೂಗಿನ ಕೆಳಗೇ. ಹೊಲಿಗೆ ಬೇರೆ ಬಿಟ್ಟಿದೆ. ಹೊಲಿಸೋ ಅಂದ್ರೆ ನಾಳೆ ಅಂತಾನೆ.”

ನಾನು ಮೊಟ್ಟೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ, ನಗು ಕಾಣದಿರಲೆಂದು. ಬೇಗ ಹೂ ಬರಲಿ ಎಂದು ಗಿಡಗಳಿಗೆ ದಿನಕ್ಕೆ ಹನ್ನೆರಡು ಗಂಟೆ ಕಗ್ಗತ್ತಲು ಕೊಡುವುದಕ್ಕೇ ಆ ಟಾರ್ಪಾಲು ಎಳೆಯುವುದು. ಆ ಕತ್ತಲಲ್ಲಿ ಬೆಳಕು ಬಿತ್ತೋ, ಹೆಣ್ಣು ಗಿಡಕ್ಕೆ ದಿಕ್ಕು ತಪ್ಪುತ್ತದೆ. ಗಂಡಿಲ್ಲ, ಕಾಲ ಸರಿಯಿಲ್ಲ, ನನ್ನ ವಂಶ ನಾನೇ ನೋಡಿಕೊಳ್ಳಬೇಕು ಎಂದು ಹೂವಿನ ನಡುವೆಯೇ ಹಳದಿ ಕೇಸರ ಬಿಡುತ್ತದೆ. ಸಿಪ್ಪೆ ಸುಲಿದ ಪುಟಾಣಿ ಬಾಳೆಹಣ್ಣಿನಂತೆ ಇರುತ್ತದೆ, ನಾವೂ ಬಾಳೆಹಣ್ಣು ಎಂದೇ ಕರೆಯುವುದು. ಹೆಣ್ಣುಬೀಜದ ಗಿಡವಾದರೂ ಅಷ್ಟೇ, ಪೊಟ್ಟಣದ ಮೇಲೆ ಬರೆದದ್ದನ್ನು ಗಿಡ ಓದಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ನನ್ನ ಗೇಟಿನ ಮುಂದೆ ಸೇರಿದರು. ವೆಂಡೆಲ್ ಹೊಸ ಕೈಗವಸು ಹಾಕಿಕೊಂಡು ಬಂದಿದ್ದ. ನಾನು ಕಾಫಿ ಕೊಟ್ಟೆ, ಜಗಳವಾಡಲಿಲ್ಲ. ನಿಯಮ ಎಂದರೆ ನಿಯಮ, ಆದರೆ ನಡಿಗೆ ಯಾವಾಗಲೂ ಅಧ್ಯಕ್ಷರ ತೋಟದಿಂದಲೇ ಶುರುವಾಗುತ್ತಿತ್ತಲ್ಲ, ಪದ್ಧತಿ ಯಾಕೆ ಮುರಿಯಬೇಕು ಎಂದು ಮೆತ್ತಗೆ ಕೇಳಿದೆ. ಹಳಬರು ಹೌದು ಹೌದು ಎಂದರು. ವೆಂಡೆಲ್‌ಗೂ ತನ್ನ ಹೂ ತೋರಿಸುವ ಚಪಲ. ಬನ್ನಿ, ಶುದ್ಧ ಹೆಣ್ಣು ಹೇಗಿರುತ್ತೆ ನೋಡಿ ಎಂದು ತಾನೇ ಮುಂದೆ ನಡೆದ.

ನರ್ಸರಿಯಲ್ಲಿ ಸಸಿ ಮಾರುವ ಇಮೆಲ್ಡಾಳ ಕೊರಳಲ್ಲಿ ಸದಾ ಭೂತಗನ್ನಡಿ ನೇತಾಡುತ್ತಿರುತ್ತದೆ. ವೆಂಡೆಲ್‌ಗೆ ಆ ಹೆಣ್ಣುಬೀಜ ಮಾರಿದವಳೂ ಅವಳೇ. ಅವಳು ಮೊದಲನೇ ಸಾಲಿನ ಹೂವೊಂದನ್ನು ಬಿಡಿಸಿ ನೋಡಿದಳು. ಎರಡನೆಯದನ್ನು ನೋಡಿದಳು. ಟಾರ್ಪಾಲಿನ ಬಿಟ್ಟ ಹೊಲಿಗೆಯ ಕಡೆಗೆ, ಆಮೇಲೆ ಕಂಬದ ಕಡೆಗೆ ಕತ್ತೆತ್ತಿದಳು.

“ಬಾಳೆಹಣ್ಣು,” ಎಂದಳು. “ಸಾಲಿಗೆ ಸಾಲೇ. ಬೀಜದ ತಪ್ಪಲ್ಲ ವೆಂಡೆಲ್, ನಿನ್ನ ದೀಪದ್ದು. ಹೋದ ವರ್ಷಾನೂ ಇದೇ ಆಗಿರ್ಬೇಕು.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹೋದ ವರ್ಷ ಕಳೆದುಕೊಂಡದ್ದನ್ನು ಒಬ್ಬೊಬ್ಬರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು. ಓಡೆಟ್ ಮಾತ್ರ, ಹಾಗಾದರೆ ಇವತ್ತೇ ಆ ದೀಪ ಇಳಿಸುತ್ತೀಯೋ ಎಂದು ಗಂಡನನ್ನು ಕೇಳಿದಳು. ನನಗೆ ಕುಣಿಯಬೇಕೆನ್ನಿಸಿತು, ಮೊಣಕಾಲು ಬಿಡಲಿಲ್ಲ.

ನನ್ನ ಗಂಡು ಉಳಿಯಿತು ಎಂದುಕೊಂಡದ್ದೇ ತಪ್ಪಾಯಿತು. ಅವಮಾನವಾದ ಗಂಡಸು ನ್ಯಾಯಕ್ಕೆ ಬರುವುದಿಲ್ಲ, ನಿಯಮಕ್ಕೆ ಬರುತ್ತಾನೆ. ತನ್ನ ಗಿಡಗಳನ್ನು ಸಂಜೆಯೊಳಗೆ ನೆನೆಸಿ ಕಡಿಯುತ್ತೇನೆ, ಆದರೆ ಗಂಡು ಗಂಡೇ, ನಿಯಮ ಹಾಗೇ ಇದೆ ಎಂದ ವೆಂಡೆಲ್. ನಾನು ಉಳಿದವರ ಮುಖ ನೋಡಿದೆ. ಎಲ್ಲರೂ ಬೂಟು ನೋಡಿಕೊಂಡರು. ಮಳೆಗಾಲಕ್ಕೆ ಮುಂಚೆ ನಮ್ಮ ಮಣ್ಣಿನ ರಸ್ತೆಯನ್ನು ಸಮ ಮಾಡುವ ಗ್ರೇಡರ್ ಇಡೀ ದಿಬ್ಬಕ್ಕೆ ಒಂದೇ, ಅದು ವೆಂಡೆಲ್‌ನದು. ಅವನನ್ನು ಎದುರು ಹಾಕಿಕೊಂಡವರ ಗೇಟಿನ ಮುಂದಿನ ಗುಂಡಿ ವಸಂತದವರೆಗೂ ಗುಂಡಿಯಾಗಿಯೇ ಇರುತ್ತದೆ.

ಹಾಗೆ ಎಲ್ಲರೂ ನನ್ನ ತೋಟಕ್ಕೆ ವಾಪಸು ಬಂದೆವು. ಐದು ಗಿಡ ಸಾಲಾಗಿ ನಿಂತಿದ್ದವು. ಯಾವುದು ಎಂದು ವೆಂಡೆಲ್ ಕೇಳಿದ.

“ನೀನೇ ಅಧ್ಯಕ್ಷ. ನೀನೇ ಗುರುತಿಸು,” ಎಂದೆ.

ಒಂಬತ್ತು ವರ್ಷದಿಂದ ಅವನು ಗಂಡು ಗಿಡದ ಮುಖ ನೋಡಿರಲಿಲ್ಲ. ಇಮೆಲ್ಡಾ ಭೂತಗನ್ನಡಿ ಚಾಚಿದಳು. ಆಗಷ್ಟೇ ಅದರಿಂದ ಮಾನ ಕಳೆದುಕೊಂಡಿದ್ದವನು ಅದನ್ನು ಮುಟ್ಟಲೂ ಇಲ್ಲ. ಗಂಡು ಎಂದರೆ ಉದ್ದ, ತೆಳ್ಳಗೆ, ಅಷ್ಟೂ ಗೊತ್ತಿಲ್ಲವೇ ತನಗೆ ಎಂದ. ಮೂರನೆಯ ಗಿಡ ಎಲ್ಲಕ್ಕಿಂತ ಎತ್ತರವಿತ್ತು, ಓಕ್ ಮರದ ನೆರಳು ಬಿದ್ದು ಬೆಳಕು ಹುಡುಕುತ್ತ ನೀಳವಾಗಿತ್ತು. ಎರಡೂ ಕೈಯಲ್ಲಿ ಅದರ ಬುಡ ಹಿಡಿದು ಬೇರುಸಹಿತ ಎಳೆದ.

ಅದು ಹೆಣ್ಣು. ನಾಲ್ಕರಲ್ಲಿ ಚೆಲುವೆ ಅದೇ, ಮೇಕೆಯ ವಾಸನೆ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಅದರಲ್ಲೇ. ನಲವತ್ತು ವರ್ಷ ಕಾದದ್ದು ಅವನ ಕೈಯಲ್ಲಿ ನೇತಾಡುತ್ತಿತ್ತು. ನನಗೆ ನಿಜವಾಗಿಯೂ ಅಳು ಬಂತು, ಒರೆಸಿಕೊಳ್ಳಲೂ ಇಲ್ಲ. ನನ್ನ ಕಣ್ಣೀರು ನೋಡಿ ಎಲ್ಲರಿಗೂ ಗಂಡು ಹೋಯಿತೆಂದು ಖಾತ್ರಿಯಾಯಿತು. ಇಮೆಲ್ಡಾ ಒಬ್ಬಳಿಗೆ ಗೊತ್ತಾಯಿತು. ಅವಳು ಕೆಮ್ಮಿದಳು, ಆಕಾಶ ನೋಡಿದಳು, ಊಟಕ್ಕೆ ಹೊತ್ತಾಯಿತು ಎಂದಳು. ಗಂಡನ್ನು ಕೀಳಲಾಯಿತು ಎಂದು ಸಂಘದ ಪುಸ್ತಕದಲ್ಲಿ ಬರೆದು ವೆಂಡೆಲ್ ಅಲ್ಲೇ ಸಹಿ ಹಾಕಿದ. ಕಿತ್ತ ಗಿಡವನ್ನು ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು ಹೋದ.

ಸೋಮವಾರ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅವನು ಗೇಟಿನ ಹತ್ತಿರ ನಿಂತಿದ್ದ. ಕೈಯಲ್ಲಿ ಬಾಡಿದ ಗಿಡ.

“ಮನೇಲಿ ಕನ್ನಡಕ ಹಾಕ್ಕೊಂಡು ನೋಡ್ದೆ,” ಎಂದ. “ಬಿಳಿ ಕೂದಲಿದೆ.”

ನಾನು ಹೋಗಿ ಗೇಟಿಗೆ ಅಡ್ಡ ನಿಂತೆ. ಏನು ಹೇಳಿದರೂ ಉಳಿದ ನಾಲ್ಕರ ಕಡೆಗೆ ಹೋಗುತ್ತಾನೆ ಎಂದು ಭಯವಾಗಿತ್ತು.

“ಹೇಳ್ಬಾರ್ದಿತ್ತಾ ಮುದುಕಿ? ಒಳ್ಳೇ ಗಿಡ ಕಣೇ ಇದು.”

“ಹೇಳಿದ್ರೆ ಗಂಡನ್ನ ಕೀಳ್ತಿದ್ದೆ.”

ಅವನು ಗಿಡವನ್ನು ನೆಲದ ಮೇಲೆ ಮಲಗಿಸಿದ, ಮಗುವನ್ನು ಮಲಗಿಸಿದಷ್ಟು ಮೆಲ್ಲಗೆ. ಆಮೇಲೆ ಗಂಟಲು ಸರಿಮಾಡಿಕೊಂಡು ಅಧ್ಯಕ್ಷನ ದನಿಯಲ್ಲಿ ಮಾತಾಡಿದ. “ಗಂಡು ಕಿತ್ತಾಯ್ತು ಅಂತ ಪುಸ್ತಕದಲ್ಲಿ ನನ್ನ ಸಹಿ ಇದೆ. ದೀಪದ ವಿಷಯಕ್ಕೇ ಊರೆಲ್ಲ ನಗ್ತಾ ಇದೆ, ಇದನ್ನೂ ಬೇರೆ ಹೇಳ್ಕೊಂಡು ತಿರುಗಕ್ಕೆ ನನ್ ಕೈಲಾಗಲ್ಲ. ಹಾಗಾಗಿ ನಿನ್ ತೋಟದಲ್ಲಿ ಗಂಡಿಲ್ಲ. ಇದ್ರೂ ಇಲ್ಲ. ಚೀಲ ಮಾತ್ರ ಸರಿಯಾಗಿ ಕಟ್ಟು.”

ಇಲ್ಲದ ಆ ಗಂಡನ್ನು ನೋಡಲು ಅವನು ಎರಡು ದಿನಕ್ಕೊಮ್ಮೆ ಬರತೊಡಗಿದ. ಗೋಲಿ ಯಾವುದು, ಕೂದಲು ಯಾವುದು ಎಂದು ತೋರಿಸಿಕೊಟ್ಟೆ. ಆಗಸ್ಟ್ ಹದಿನೆಂಟರಂದು, ಗಾಳಿಯಿಲ್ಲದ ಬೆಳಿಗ್ಗೆ, ಚೀಲ ಬಿಚ್ಚದೆ ಗಿಡದ ತುದಿಯನ್ನು ಕುಟ್ಟಿ ಪರಾಗ ಇಳಿಸಿದೆವು. ಚೀಲ ಹಿಡಿದವನು ಅವನು. ಉಸಿರು ಬಿಗಿಹಿಡಿದು ಮುಖ ಕೆಂಪಗಾಗಿತ್ತು. ಗಿಡಕ್ಕೆ ನೀರು ಸುರಿದು, ಕಡಿದು, ಹೂತು ಹಾಕಿದ ಮೇಲೆಯೇ ಅವನು ಸರಿಯಾಗಿ ಉಸಿರಾಡಿದ್ದು.

ಉಳಿದ ಮೂರು ಹೆಣ್ಣುಗಳ ಒಂದೊಂದು ಕೆಳಗೊಂಬೆಗೆ ಸವರಿದರೆ ಅಕ್ಟೋಬರಿಗೆ ಬೀಜ ಸಿಗುತ್ತದೆ. ಬಿದ್ದ ಎಲೆಯನ್ನು ಬೂಟಿನಿಂದ ಆಚೀಚೆ ಸರಿಸುತ್ತ, ತನಗೊಂದು ಹತ್ತು ಕೊಡುತ್ತೀಯಾ ಎಂದು ವೆಂಡೆಲ್ ಕೇಳಿದ.

“ಯಾವ ಬೀಜ? ಗಂಡೇ ಇಲ್ಲದ ದಿಬ್ಬದಲ್ಲಿ ಬೀಜ ಎಲ್ಲಿಂದ ಬರುತ್ತೆ ಮಾರಾಯ? ಮೊದಲು ಆ ನಿಯಮ ತೆಗೆಸು.”

“ತೆಗೆಸ್ಬೇಕಾದ್ರೆ ತಪ್ಪು ಗಿಡ ಕಿತ್ತೆ ಅಂತ ಎಲ್ಲರ ಮುಂದೆ ಎದ್ದು ನಿಂತು ಹೇಳ್ಬೇಕಾಗುತ್ತೆ.”

“ಹೇಳ್ಬೇಕಾಗುತ್ತೆ.”

ಅವನು ಚೀಲವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದ.

“ಹಾಗಾದ್ರೆ ಹದಿನೈದು ಕೊಡು,” ಎಂದ.