ಒಂದು ಇತುಕು, ಎರಡು ಬಿಡಿಸು

ಬಿಳಿ ಚೌಕ ಮಿಟುಕುತ್ತಿದೆ, ಕಪ್ಪು ಪರದೆಯ ಮೇಲೆ, ಮಿಟುಕುತ್ತಲೇ ಇದೆ, ಏನಮ್ಮಾ ಏನು ಬೇಕು ಬೇಗ ಹೇಳು ಎಂದು ತರಕಾರಿ ಗಾಡಿಯವಳ ಹಾಗೆ ಕಾಯುತ್ತಿದೆ, ಸರಳಾಳ ಬೆರಳಿಗೆ ಅವರೆಕಾಯಿಯ ಸೊಗಡು ಇನ್ನೂ ಹೋಗಿಲ್ಲ, ಕೀಬೋರ್ಡಿಗೂ ಅಂಟಿರುತ್ತದೆ, ಅಂಟಲಿ ಬಿಡು, ಚಳಿಗಾಲದಲ್ಲಿ ಈ ಮನೆಯೊಳಗೆ ಸೊಗಡು ಅಂಟದ ಜಾಗ ಯಾವುದಿದೆ — ಪರದೆಯಲ್ಲಿ ಮೂರೇ ಸಾಲು, ಒಂದು ಇತುಕು, ಎರಡು ಬಿಡಿಸು, ಮೂರು ಸಾಕು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಾದಿನಿ ರಾಣಿಯದೇ ಕಿತಾಪತಿ, ಯಲಹಂಕದಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು, ಅತ್ತಿಗೆ, ನಂಬರ್ ಒತ್ತಿದ್ರೆ ಸಾಕು ಕಣ್ರೀ, ಮಿಕ್ಕಿದ್ದೆಲ್ಲ ಅದೇ ನೋಡ್ಕೊಳತ್ತೆ, ಇತುಕು ಅಂತ ಯಾಕೆ ಬರೆದೆಯೇ, ಅಮ್ಮ ಹಂಗೇ ಅಲ್ವಾ ಅನ್ನೋದು, ಅಮ್ಮ ಎಂದರೆ ಅತ್ತೆ ಮುನಿಕೆಂಪಮ್ಮ, ಆಕೆಯ ಬಾಯಲ್ಲಿ ಹಕಾರ ನಿಲ್ಲುವುದೇ ಇಲ್ಲ, ಹೆಬ್ಬಾಳ ಎಬ್ಬಾಳ, ಹಾಲು ಆಲು, ಈಗ ಯಾವ ಅಕ್ಷರವೂ ನಿಲ್ಲುವುದಿಲ್ಲ, ಗಂಟಲಿನ ಆಪರೇಷನ್ ಆದ ಮೇಲೆ ಬರೀ ಗಾಳಿ — ಹೊರಗೆ ನಡುಮನೆಯಲ್ಲಿ ತೊಟ್ಟಿಲು ಕಟ್ಟಿ ಆಗಿದೆ, ಬ್ಯಾಟರಾಯನಪುರದ ಅರ್ಧ ಜನ ಇಲ್ಲೇ ಇದ್ದಾರೆ, ರಾಣಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ, ಏಳುವ ಹಾಗಿಲ್ಲ, ನನ್ನ ಕೂಸಿಗೆ ಹೆಸರಿಡೋವಾಗ ಅಮ್ಮನ ಜೋಗುಳವೇ ಆಗ್ಬೇಕು ಎಂದು ಹಟ, ಅತ್ತೆಯೋ ಬೆಳಗಿನಿಂದ ಅಡುಗೆಮನೆಯ ಮೂಲೆ ಬಿಟ್ಟು ಕದಲಿಲ್ಲ, ನೆನೆಸಿದ ಅವರೆಯನ್ನು ಮೊರದಲ್ಲಿಟ್ಟುಕೊಂಡು ಹಿತುಕುತ್ತಾ, ನಾನ್ಯಾಕ್ ಬರ್ಲಿ, ನಂದು ವೋಯ್ತಲ್ಲ, ಬ್ಯಾರೆಯೋರ್ ಯಾರಾನಾ ಪದ ಏಳ್ಲಿ, ಆ ಪಿಸುಮಾತು ಕೇಳಿಯೇ ಸರಳಾ ಇಲ್ಲಿ ಬಂದು ಕೂತಿದ್ದಾಳೆ, ಆಪರೇಷನ್ನಿಗೆ ಮುಂಚೆ ರಾಣಿ ರೆಕಾರ್ಡ್ ಮಾಡಿಕೊಂಡಿದ್ದ ಜೋಗುಳ ಈ ಹಳೇ ಕಂಪ್ಯೂಟರಿನಲ್ಲಿದೆ, ಜಾಗ ಸಾಲದೆಂದು ಚಿಕ್ಕದು ಮಾಡಿ ಗಂಟು ಕಟ್ಟಿಟ್ಟಿದ್ದಾಳೆ, ಗಂಟಿನ ಹೆಸರು ಅಮ್ಮ, ಬೇರೆಲ್ಲೂ ಇಲ್ಲ.

ಬೇಳೆ ಬೇಕೆಂದರೆ ಏನು ಮಾಡುತ್ತೇವೆ, ಕಾಳನ್ನು ಹಿತುಕುತ್ತೇವೆ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಒತ್ತು, ಪುಳಕ್ಕನೆ ಬೇಳೆ ಈಚೆಗೆ, ಸಿಪ್ಪೆ ಬೆರಳಲ್ಲಿ, ಒಳಗಿರುವುದು ಹೊರಗೆ ಬರಬೇಕಾದರೆ ಹಿತುಕಬೇಕು, ಅದರಲ್ಲಿ ಯೋಚಿಸುವುದೇನಿದೆ, ಒಂದು ಒತ್ತಿದಳು, ಪರದೆ ಸರಸರನೆ ಏನೇನೋ ಓಡಿಸಿ ಮುಗೀತು ಅಂದಿತು, ನೋಡಿದರೆ ಹಾಡಿಲ್ಲ, ಅಮ್ಮ ಇದ್ದ ಜಾಗದಲ್ಲಿ ಅಮ್ಮ-ಒಂದು ಎಂಬ ಇನ್ನೊಂದು ಗಂಟು, ಸರಿಯಾಗಿ ನೆಂದಿಲ್ಲವೇನೋ, ಕೆಲವು ಕಾಳು ಹಾಗೇ, ಮೊಂಡು, ಇನ್ನೊಂದು ಸಲ ಒತ್ತಬೇಕು, ಒತ್ತಿದಳು, ಅಮ್ಮ-ಎರಡು — ಮಹೇಂದ್ರ ಬಾಗಿಲಿಗೆ ಬಂದ, ಗಂಡನಾದವನು ಇಂಥ ಹೊತ್ತಿನಲ್ಲಿ ಬರದೆ ಇನ್ಯಾವಾಗ ಬಂದಾನು, ಏನ್ ಸಮಾಚಾರ, ರಾಹುಕಾಲ ಹತ್ರ ಬಂತು ಕಣೇ, ಬಂದೆ ನಡೀರಿ, ಐದು ನಿಮಿಷ, ನೀರು ಮಜ್ಜಿಗೆ ಕೊಡ್ತಾ ಇರಿ — ಮೇಲೊಂದು ವಿಮಾನ ಹೋಗುತ್ತಿದೆ, ಕಿಟಕಿ ಗಡಗಡ, ಹಳೇದನ್ನ ಅಳಿಸಿ ಹೊಸದನ್ನ ಇಡತ್ತೆ ಅತ್ತಿಗೆ ಎಂದು ರಾಣಿ ಹೇಳಿದ್ದು ಈಗ ನೆನಪಿಗೆ ಬರಬೇಕೇ, ಅಳಿಸಿತೇ ಹಾಗಾದರೆ, ಹಿತುಕಿ ಹಿತುಕಿ ಉಳಿದಿರುವುದು ಬರೀ ಸಿಪ್ಪೆಯೇ, ಬೇಳೆ ಎಲ್ಲಿ ಹಾರಿತು, ಈ ಕಪ್ಪಿನೊಳಗೆ ಯಾವ ಮೊರದ ಕೆಳಗೆ ಹುಡುಕಲಿ, ಅಯ್ಯೋ ಸರಳಾ, ಉಳಿದಿದ್ದ ಒಂದು ದನಿಯನ್ನೂ ತಿಪ್ಪೆಗೆ ಹಾಕಿದೆಯಾ, ಅತ್ತೆಗೆ ಯಾವ ಮುಖ ತೋರಿಸಲಿ, ಚೌಕ ಮಿಟುಕುತ್ತಿದೆ.

ಅಡುಗೆಮನೆಯಿಂದ ಪಕ್ಕದ ಮನೆ ಗೋಪಾಲಮ್ಮನ ದೊಡ್ಡ ಗಂಟಲು, ಯಾರ್ರೀ ಈ ಕಾಯನ್ನ ಇಂಗೇ ಬಿಟ್ಟೋರು, ಮೊದ್ಲು ಬಿಡಿಸ್ಬೇಕು ತಾನೇ, ಬಿಡಿಸ್ದೆ ಏನನ್ನ ಇತುಕ್ತೀರ — ಬಿಡಿಸ್ದೆ, ಬಿಡಿಸ್ದೆ ಏನನ್ನ, ಸರಳಾಳ ಕೈ ಹಣೆಗೆ ಹೋಯಿತು, ಕಾಯಿ ಬಿಡಿಸುವುದು, ಗಂಟು ಬಿಡಿಸುವುದು, ಎರಡು, ಎರಡು ಒತ್ತಬೇಕಿತ್ತು ಪೆದ್ದೀ, ಕಂಪ್ಯೂಟರಿಗೆ ಹಿತುಕುವುದೆಂದರೆ ಒಳಗೆ ತುರುಕುವುದು, ಅದಕ್ಕೇನು ಗೊತ್ತು ಅವರೆ ಬೇಳೆ, ಒಬ್ಬಳೇ ನಗುತ್ತಿದ್ದಾಳೆ, ಎರಡು ಒತ್ತಿದಳು, ಅಮ್ಮ-ಎರಡು ಬಿಚ್ಚಿ ಅಮ್ಮ-ಒಂದು, ಎರಡು, ಅಮ್ಮ-ಒಂದು ಬಿಚ್ಚಿ ಅಮ್ಮ, ದೇವರೇ ಇದೊಂದು ಸಲ, ಎರಡು, ಪರದೆ ಓಡಿತು, ನಿಂತಿತು, ಜೋಗುಳ ಎಂಬ ಹೆಸರು ಕಂಡಿತು, ಸ್ಪೀಕರಿನ ವೈರು ಎಳೆದೆಳೆದು ನಡುಮನೆಯ ಹೊಸ್ತಿಲಿಗೆ ಇಟ್ಟು ಗುಂಡಿ ತಿರುಗಿಸಿದಳು, ಮೊದಲೊಂದು ಕೆಮ್ಮು, ಲೇ ರಾಣಿ, ಇದುಕ್ಕೆ ಕೇಳ್ತೈತಾ, ಕೇಳತ್ತೆ ಶುರು ಮಾಡಮ್ಮ, ಆಮೇಲೆ ಆ ದನಿ, ಹದವಾಗಿ, ಎಬ್ಬಾಳ್ದ ಕೆರೇಲಿ ಬಾತೆಲ್ಲ ಮಲಗ್ಯಾವೆ, ಕಣ್ಮುಚ್ಚೆ ನನ್ ಕೂಸೆ, ಮೂರು ಸಲ ಹಿತುಕಿಸಿಕೊಂಡರೂ ಒಂದಕ್ಷರ ಮುಕ್ಕಾಗಿಲ್ಲ, ಇಲ್ಲದ ಹಕಾರ ಕೂಡ ಇಲ್ಲದ ಹಾಗೇ ಇದೆ, ರಾಣಿ ಮಣೆಯ ಮೇಲೆ ಅಳುತ್ತಾ ನಗುತ್ತಿದ್ದಾಳೆ, ಮಜ್ಜಿಗೆ ಲೋಟಗಳೆಲ್ಲ ನಿಂತಲ್ಲೇ ನಿಂತವು, ಸರಳಾಗೆ ಸಂತೋಷ ತಡೆಯಲಾಗುತ್ತಿಲ್ಲ, ಎದೆ ತುಂಬಿ ಮೂಗೂ ತುಂಬಿತು — ಅಡುಗೆಮನೆ ಬಾಗಿಲಲ್ಲಿ ಅತ್ತೆ, ತುಟಿ ಅಲ್ಲಾಡುತ್ತಿದೆ, ದನಿ ಸ್ಪೀಕರಿನಿಂದ ಬರುತ್ತಿದೆ, ಎರಡೂ ಒಂದೇ ಲಯಕ್ಕೆ, ಯಾರೂ ಕರೆಯದೆ ನಡೆದು ಬಂದಳು, ರಾಣಿಯ ಮಡಿಲಿಂದ ಮಗುವನ್ನು ಎತ್ತಿ ತೊಟ್ಟಿಲಲ್ಲಿ ಮಲಗಿಸಿದಳು, ಒಂದು ಕೈ ತೊಟ್ಟಿಲ ಹಗ್ಗಕ್ಕೆ, ಇನ್ನೊಂದು ಕೈಯಲ್ಲಿ ಮರೆತು ತಂದ ಒಂದು ಅವರೆಕಾಳು, ಹೆಬ್ಬೆರಳು, ತೋರುಬೆರಳು, ಒಂದು ಒತ್ತು, ಪುಳಕ್ಕನೆ ಹಸಿರು ಬೇಳೆ