ಮಾವನ ಕಾರ್ಡು

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ, ಮಾವನ ಹೆಸರು ಹೇಳಿದರೆ ಮನೆತನದ ಮಾನ ಹೋಗುತ್ತದೆ ಎಂದು ರುದ್ರವ್ವನಿಗೆ ಕಲಿಸಿ ಕಳಿಸಿದ್ದರು. ಕಲಿಸಿದವರೆಲ್ಲ ಮಣ್ಣಿಗೆ ಹೋದರು, ಪಾಠ ಮಾತ್ರ ಆಕೆಯ ನಾಲಿಗೆ ಬಿಟ್ಟು ಕದಲಲಿಲ್ಲ. ಮಗ ಹುಟ್ಟಿದಾಗ, ಆಗಷ್ಟೇ ತೀರಿಹೋಗಿದ್ದ ಮಾವನ ಹೆಸರನ್ನೇ ಇಟ್ಟರು, ಗುರಲಿಂಗಪ್ಪ ಎಂದು. ಅಲ್ಲಿಗೆ ಹೆತ್ತ ಮಗನ ಹೆಸರೂ ಆಕೆಯ ಬಾಯಿಗೆ ದೂರವಾಯಿತು. ನಲವತ್ತಾರು ವರ್ಷ ಆಕೆ ಅವನನ್ನು ಕರೆದದ್ದು ಮುತ್ಯಾ, ಅಂದರೆ ಅಜ್ಜ, ಎಂದೇ.

ಈ ಮುತ್ಯಾ ಪವಾಯಿಯ ದೊಡ್ಡ ಕಾಂಪ್ಲೆಕ್ಸೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಕಲ್ಲುಗುಂಡಿನಂಥ ಆಳು. ವರ್ಷಕ್ಕೊಮ್ಮೆ ಹೃದಯ ತೋರಿಸಿ ಚೀಟಿ ತರಬೇಕೆಂದು ಕಂಪನಿಯವರ ನಿಯಮ. ಹಾಗಾಗಿ ಒಂದು ಬುಧವಾರ ಮಧ್ಯಾಹ್ನ ತಾಯಿಯನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಆಂಟಾಪ್ ಹಿಲ್‌ನ ಪಾಂಗಾಳ ಡಾಕ್ಟರ ದವಾಖಾನೆಗೆ ಬಂದ. ಆಕೆಗೆ ಮಂಡಿನೋವಿನ ಗುಳಿಗೆ ಬೇಕಿತ್ತು.

ಪಾಂಗಾಳ ಡಾಕ್ಟರಿಗೆ ಎಪ್ಪತ್ತೈದು ದಾಟಿದೆ. ಉಡುಪಿ ಕಡೆಯವರು. ಕಂಪ್ಯೂಟರ್ ಮುಟ್ಟದ ಮನುಷ್ಯ, ಒಬ್ಬೊಬ್ಬ ರೋಗಿಗೂ ಒಂದೊಂದು ದಪ್ಪ ಹಳದಿ ಕಾರ್ಡು. ಈ ಮನೆಯದು ಮಾತ್ರ ಇಬ್ಬರಿಗೊಂದು. ಮುತ್ಯಾನನ್ನು ಹಸುಗೂಸಿನಲ್ಲಿ ಕೆಮ್ಮಿಗೆಂದು ತಂದಾಗ ಕಂಪೌಂಡರ್ ಹೆಸರು ಕೇಳಿದ್ದ. ರುದ್ರವ್ವ, "ನಮ್ಮ ಮಾವನವ್ರ ಹೆಸರರಿ" ಅಂದಳು, ಮುಂದೆ ಬಾಯಿ ಬಿಡಲಿಲ್ಲ. ಆ ಪುಣ್ಯಾತ್ಮ, ಮಾವನ ಕಾರ್ಡನ್ನೇ ಹುಡುಕಿ ತೆಗೆದು, ಸತ್ತವನ ಕೊನೆಯ ಸಾಲಿನ ಕೆಳಗೆ ಕೂಸಿನ ಕೆಮ್ಮು ಬರೆದುಬಿಟ್ಟ. ಆಮೇಲೆ ಅದನ್ನು ಯಾರೂ ತಿದ್ದಲಿಲ್ಲ.

"ಡಾಕ್ಟರ್ ಸಾಬ್, ಜರಾ ಜಲ್ದಿ ಮಾಡ್ರಿ. ಡ್ಯೂಟಿ ಐತಿ," ಎಂದು ಮುತ್ಯಾ ಅಂಗಿ ಬಿಚ್ಚಿ ಮಲಗಿದ.

ಡಾಕ್ಟರು ನಾಡಿ ಹಿಡಿದರು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಬರೆಯಲೆಂದು ಕಾರ್ಡು ತಿರುಗಿಸಿದವರು ಹಳೆಯ ಸಾಲೊಂದರ ಮೇಲೆ ಬೆರಳಿಟ್ಟರು. ಮತ್ತೊಮ್ಮೆ ಪಟ್ಟಿ ಸುತ್ತಿದರು.

"ಎಂತ ಇದು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ನಾಡಿ ಎಂಬತ್ತೆಂಟು. ಬಿಪಿ ನೂರೈವತ್ತು, ತೊಂಬತ್ತಾರು. ರುದ್ರಮ್ಮ, ನಿಮ್ಮ ಮಾವ ಕೊನೆಯ ಸಲ ಬಂದಿದ್ದರಲ್ಲ, ಅವತ್ತೂ ಇಷ್ಟೇ ಉಂಟು."

ಅವತ್ತು ಮಾವನ ಜೊತೆ ಬಂದಿದ್ದವಳು ರುದ್ರವ್ವನೇ. ಹದಿನೆಂಟರ ಬಸುರಿ, ಮೂಗಿನ ತನಕ ಸೆರಗು. ಮಾವನಿಗೂ ಆಗ ನಲವತ್ತಾರು. ಪರೀಕ್ಷೆ ಮಾಡಿದ ಡಾಕ್ಟರು ಗುಳಿಗೆ ತರಲು ಒಳಗೆ ಹೋದರು, ಬರುವಷ್ಟರಲ್ಲಿ ಆತ ಬೀದಿಗಿಳಿದಿದ್ದ. "ಕರೀರಿ ಅವರನ್ನು, ಹೋಗಲು ಬಿಡಬೇಡಿ," ಎಂದು ಡಾಕ್ಟರು ಕೂಗಿದರು. ಆಕೆ ಹೊಸ್ತಿಲ ತನಕ ಓಡಿದಳು. ಇಪ್ಪತ್ತು ಹೆಜ್ಜೆ ಮುಂದೆ ಮಾವನ ತಲೆಯ ಬಿಳಿ ರುಮಾಲು ಕಾಣುತ್ತಿತ್ತು. ಆದರೆ ಮಾವನೆದುರು ಒಂದು ದಿನವೂ ಬಾಯಿ ತೆರೆಯದ ಸೊಸೆ ಬೀದಿಯಲ್ಲಿ ನಿಂತು ಏನೆಂದು ಕೂಗಬೇಕು? ರುಮಾಲು ಮಂದಿಯಲ್ಲಿ ಮುಳುಗಿತು. ವಡಾಲಾದಲ್ಲಿ ಲೋಕಲ್ ರೈಲು ಹತ್ತಿದ ಮಾವ ಗೋದಾಮಿನ ಕೆಲಸಕ್ಕೆ ರೇ ರೋಡಿನಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ಕೂತಲ್ಲೇ ಜೀವ ಹೋಗಿತ್ತು.

ಇದನ್ನು ಆಕೆ ಯಾರ ಮುಂದೆಯೂ ಆಡಿದವಳಲ್ಲ. ಹಿರಿಯರೆದುರು ಬಾಯಿ ತೆರೆಯದ ಸೊಸೆಯೆಂದು ಊರೆಲ್ಲ ಹೊಗಳಿತು. ಹೊಗಳಿಕೆಗೆ ಬೆಂಕಿ ಹಾಕ.

ಡಾಕ್ಟರು ಮುತ್ಯಾನ ಎದೆಗೆ ವೈರು ಹಚ್ಚಿ ಇಸಿಜಿ ತೆಗೆದರು. ಕಾಗದ ನೋಡಿ ಅವರ ಮುಖ ಸಣ್ಣದಾಯಿತು. "ಮಲಗಿಯೇ ಇರು ಮಾರಾಯ, ಏಳಬೇಡ. ಆಸ್ಪತ್ರೆಗೊಂದು ಫೋನ್ ಮಾಡಿ ಬರ್ತೇನೆ," ಎಂದು ಒಳಕೋಣೆಗೆ ಹೋದರು.

ಮುತ್ಯಾ ಎದ್ದು ಕೂತ. ಅಂಗಿ ಹಾಕಿಕೊಂಡು ಗುಂಡಿ ಹಾಕತೊಡಗಿದ, ಕೆಳಗಿನಿಂದ ಮೇಲಕ್ಕೆ, ಒಂದೊಂದಾಗಿ. ಮಗ ಯಾವತ್ತೂ ಮೇಲಿನಿಂದ ಹಾಕುವವನು. ಕೆಳಗಿನಿಂದ ಹಾಕುತ್ತಿದ್ದದ್ದು ಆ ಮನೆಯಲ್ಲಿ ಒಬ್ಬರೇ.

"ಎಲ್ಲಿಗಪಾ?" ಎಂದಳು ರುದ್ರವ್ವ.

"ಏನೂ ಆಗಿಲ್ಲ ನನಗ. ಲೋಕಲ್ ತಪ್ತೈತಿ."

ಅವನು ಲೋಕಲ್ ಹತ್ತಿ ಹತ್ತು ವರ್ಷವಾಗಿತ್ತು. ಬೈಕು ಬಾಗಿಲಲ್ಲೇ ನಿಂತಿತ್ತು, ಹೆಲ್ಮೆಟ್ಟು ಕುರ್ಚಿಯ ಮೇಲಿತ್ತು. ಅವನು ಎರಡನ್ನೂ ನೋಡದೆ ಹೊಸ್ತಿಲು ದಾಟಿ ವಡಾಲಾ ಕಡೆಗೆ ನಡೆದ.

"ಮುತ್ಯಾ, ನಿಂದ್ರು," ಎಂದಳು. ಅವನು ನಿಲ್ಲಲಿಲ್ಲ. ಮತ್ತೆ ಕರೆದಳು. ಕೇಳಿದ ಗುರುತೇ ಇರಲಿಲ್ಲ. ಮಂಡಿನೋವು ಮರೆತು ಹೊಸ್ತಿಲಿಗೆ ಓಡಿದಳು, ಅದೇ ಹೊಸ್ತಿಲಿಗೆ. ಅವನು ಇಪ್ಪತ್ತು ಹೆಜ್ಜೆ ಮುಂದಿದ್ದ. ಒಳಗಿನಿಂದ ಡಾಕ್ಟರ ದನಿ ಬಂತು: "ಕರೀರಿ ರುದ್ರಮ್ಮ, ಹೋಗಲು ಬಿಡಬೇಡಿ."

ಮಾನ ಹೋದರೆ ಹೋಗಲಿ, ಎಂದುಕೊಂಡಳು.

"ಗುರಲಿಂಗಪ್ಪಾ."

ಅವನು ನಿಂತ. ನಿಧಾನಕ್ಕೆ ತಿರುಗಿ ಬಂದು ಆಕೆಯ ಎದುರು ನಿಂತ. ಮುಖ ಮಗನದೇ, ನೋಟ ಮಗನದಲ್ಲ.

"ಇಷ್ಟ ಇತ್ತಲ್ಲ ರುದ್ರವ್ವಾ," ಎಂದ, ಬಹಳ ಮೆತ್ತಗೆ. "ಅವತ್ತ ಕರದಿದ್ರ ನಾ ನಿಂದರ್ತಿದ್ನಿ."

ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುವ ಮಗ ಎಲ್ಲಿದ್ದಾನೆ? ಅಷ್ಟರಲ್ಲಿ ಅವನು ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದ. ಡಾಕ್ಟರು ಗುಳಿಗೆಯನ್ನು ಬಾಯಿಗೆ ತುರುಕಿದರು. ಆಂಬುಲೆನ್ಸು ಆಸ್ಪತ್ರೆಯಿಂದ ಆಗಲೇ ಹೊರಟಿತ್ತು.

ಜೀವ ಉಳಿಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಆಸ್ಪತ್ರೆಯವರು.

ನಾಲ್ಕನೆಯ ದಿನ ಪಾಂಗಾಳ ಡಾಕ್ಟರು ವಾರ್ಡಿಗೆ ಬಂದರು. ಮುತ್ಯಾನಿಗೆ ಅಂಗಿ ಬಿಚ್ಚಿ ಮಲಗಿದ್ದಷ್ಟೇ ನೆನಪು. ಡಾಕ್ಟರು ಹಳೆಯ ಕಾರ್ಡಿಗೆ ಅಡ್ಡಗೆರೆ ಎಳೆದರು, ನಲವತ್ತಾರು ವರ್ಷದ ಹಿಂದೆಯೇ ಎಳೆಯಬೇಕಿದ್ದ ಗೆರೆ. ಹೊಸ ಕಾರ್ಡು ತೆಗೆದು, "ಹೆಸರು?" ಎಂದು ಕೇಳಿದರು, ಗೊತ್ತಿಲ್ಲದವರಂತೆ.

"ಗುರಲಿಂಗಪ್ಪ," ಎಂದಳು ರುದ್ರವ್ವ, ಹಾಸಿಗೆಯ ಕಡೆ ನೋಡಿ. ಆಮೇಲೆ ಬಾಗಿಲ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು. ಅಲ್ಲಿ ಯಾರೂ ಇರಲಿಲ್ಲ. ಆದರೂ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು.